ಯಾರ ವ್ಯಾಪ್ತಿಗೆ ಸೇರಿದ ಹುಡುಗ?

ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳನ್ನು ದಾಟಿ ಹೊಸೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಹೆಬ್ಬಗೋಡಿ, ಬೊಮ್ಮಸಂದ್ರ, ಅತ್ತಿಬೆಲೆ; ಅದರಾಚೆ ತಮಿಳುನಾಡು. 2024ರ ಮೇ ತಿಂಗಳಲ್ಲಿ ಇಲ್ಲಿನ ಫಾರ್ಮ್‌ಹೌಸ್ ಒಂದರಲ್ಲಿ ನಡೆಯುತ್ತಿದ್ದ ಮಾದಕ ವಸ್ತುಗಳ ಪಾರ್ಟಿಯ ಮೇಲೆ ನಗರ ಪೊಲೀಸರ ಅಪರಾಧ ವಿಭಾಗವಾದ ಸಿಸಿಬಿ ದಾಳಿ ಮಾಡಿದಾಗ, ಎಲೆಕ್ಟ್ರಾನಿಕ್ ಸಿಟಿ ಠಾಣೆಯಲ್ಲಿ ದಾಖಲಾದ ಪ್ರಕರಣ ಹೆಬ್ಬಗೋಡಿ ಠಾಣೆಗೆ ವರ್ಗವಾಯಿತು. ಒಂದು ನಗರ ಪೊಲೀಸರದು, ಇನ್ನೊಂದು ಅಂದು ಜಿಲ್ಲಾ ಪೊಲೀಸರದು. ಗಾಂಜಾ ಸಾಗಿಸುವವನಿಗೆ ಈ ಸರಹದ್ದುಗಳ ಹಂಗಿಲ್ಲ. ಆದ್ದರಿಂದಲೇ ಪೊಲೀಸ್, ಅಬಕಾರಿ, ಆರೋಗ್ಯ ಇಲಾಖೆಗಳು ಮಾದಕ ವಸ್ತು ತಡೆಗೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಒಟ್ಟಿಗೆ ಕೂರುವ ವ್ಯವಸ್ಥೆ ಬಂದಿದೆ. ಬರಲೇಬೇಕಿತ್ತು.

ಆದರೆ ಇಲಾಖೆಗಳು ಕೈಜೋಡಿಸಿದ ಮಾತ್ರಕ್ಕೆ ಊರು ಕೈಜೋಡಿಸೀತೇ? ರಾಗಿ ಹೊಲವಿದ್ದ ಜಾಗದಲ್ಲಿ ಸಾಲಾಗಿ ಶೀಟಿನ ರೂಮುಗಳೆದ್ದಿವೆ. ಮಾಲೀಕರು ಅಡ್ವಾನ್ಸ್ ಎಣಿಸಿಕೊಂಡು, ಆಧಾರ್ ಜೆರಾಕ್ಸ್ ಇಟ್ಟುಕೊಂಡರೆ ಪರಿಚಯ ಮುಗಿಯಿತು. ಒಳಗಿರುವ ಹುಡುಗ ಎಲ್ಲಿಯವನು, ಎರಡು ಶಿಫ್ಟ್ ದುಡಿದು ಬಂದು ಏನು ಉಣ್ಣುತ್ತಾನೆ, ಯಾರೊಡನೆ ಮಾತಾಡುತ್ತಾನೆ ಎಂದು ವಿಚಾರಿಸುವವರಿಲ್ಲ. ಊರಿನವರಿಗೆ ಅವನು ಹೊರಗಿನವನು. ಪಕ್ಕದ ಅಪಾರ್ಟ್‌ಮೆಂಟಿನವರಿಗೆ ಇಡೀ ಊರೇ ಗೇಟಿನ ಹೊರಗಿನದು. ಏನಾದರೂ ಆದಾಗ 'ಹೊರಗಿನವರಿಂದಲೇ ಇದೆಲ್ಲ' ಎಂದುಬಿಡುವುದು ಎಷ್ಟು ಸಲೀಸು! ಹಾಗೆಂದವರ ಮನೆಮಗನೇ ಸಿಕ್ಕಿಬಿದ್ದ ದಿನ ಮಾತು ಅಡಗಿಹೋಗುತ್ತದೆ.

ಮಗ ಚಟಕ್ಕೆ ಬಿದ್ದದ್ದು ಮೊದಲು ತಿಳಿಯುವುದು ತಾಯಿಗೆ. ಸಂಬಳ ಬಂದ ನಾಲ್ಕೇ ದಿನಕ್ಕೆ ಕೈ ಖಾಲಿ, ತಂಗಿಯ ಕಾಲ್ಗೆಜ್ಜೆ ಕಾಣೆ, ಕಟ್ಟಿಕೊಟ್ಟ ಬುತ್ತಿ ಹಾಗೆಯೇ ವಾಪಸ್. ಅವಳು ಬಾಯಿ ಬಿಡುವುದಿಲ್ಲ. ಅವಳನ್ನು ದೂರುವ ಮನಸ್ಸು ನನಗಿಲ್ಲ. ಠಾಣೆಗೆ ಫೋನು ಮಾಡುವುದೆಂದರೆ ಮಗನನ್ನು ತಾನೇ ಜೈಲಿಗೆ ಕಳಿಸಿದಂತೆ ಎಂದು ಅವಳಿಗೆ ಅನಿಸಿದರೆ, ಬೇರೆ ದಾರಿಯಿದೆ ಎಂದು ಅವಳಿಗೆ ಹೇಳಿದವರು ಯಾರು?

ದಾರಿ ಇದೆ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಒಪ್ಪಿ ಅದನ್ನು ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಾತ್ರ ಆ ರಕ್ಷಣೆ ಕಳೆದುಹೋಗಬಹುದು. ಮಾರುವವನನ್ನೂ ಮುಳುಗಿದವನನ್ನೂ ಬೇರೆ ಬೇರೆಯಾಗಿ ನೋಡುವಷ್ಟು ಕರುಣೆ ಕಾನೂನಿಗಿದೆ. ನಮ್ಮ ಬೀದಿಗೆ, ನಮ್ಮ ಬಂಧುಬಳಗಕ್ಕೆ ಅಷ್ಟು ಇದೆಯೇ? ಇಂಥ ಚಿಕಿತ್ಸೆ ಕೊಡುವ ನಿಮ್ಹಾನ್ಸ್ ಇರುವುದು ಇದೇ ಹೊಸೂರು ರಸ್ತೆಯಲ್ಲಿ. ವ್ಯಸನಮುಕ್ತಿಯ ಸಹಾಯವಾಣಿ 14446ಕ್ಕೆ ಫೋನು ಮಾಡಿದರೆ ಎತ್ತಿಕೊಳ್ಳುವವರು ಆಪ್ತಸಮಾಲೋಚಕರು, ಪೊಲೀಸರಲ್ಲ. ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳ ನೋಟಿಸ್ ಬೋರ್ಡಿನಲ್ಲಿ, ವೈಟ್‌ಫೀಲ್ಡಿನ ಪಿ.ಜಿ.ಗಳ ಮೆಟ್ಟಿಲ ಗೋಡೆಯಲ್ಲಿ, ಶಿಕ್ಷೆಯ ಎಚ್ಚರಿಕೆಯ ಪಕ್ಕದಲ್ಲೇ ಈ ಸಂಖ್ಯೆಯನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಲು ಯಾವ ಇಲಾಖೆಯ ಅಪ್ಪಣೆಗೂ ಕಾಯಬೇಕಿಲ್ಲ.