ನಿಂತ ಜಾಗದ ನೋಟ

ಇಂಗ್ಲೆಂಡಿನ ಕೆರೆಗಳಲ್ಲಿ ಗಾಳ ಹಾಕುವವರಿಗೆ ಅವರದೇ ಒಂದು ಶಿಸ್ತಿದೆ. ದಿನವಿಡೀ ಕಾದು ದೊಡ್ಡ ಗೆಂಡೆ ಮೀನು ಹಿಡಿಯುತ್ತಾರೆ, ತೂಗುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಮತ್ತೆ ನೀರಿಗೇ ಬಿಡುತ್ತಾರೆ. ಪೋಲೆಂಡಿನಲ್ಲಿ ಅದೇ ಗೆಂಡೆ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಬೇಕೇ ಬೇಕು. ಪೇಟೆಯಿಂದ ಜೀವಂತವಾಗಿ ತಂದು ಸ್ನಾನದ ತೊಟ್ಟಿಯಲ್ಲಿ ಒಂದೆರಡು ದಿನ ಬಿಟ್ಟಿರುವುದು ಅಲ್ಲಿನ ಮನೆಗಳಲ್ಲಿ ನೆನಪಿನಿಂದ ಇನ್ನೂ ಮಾಸದ ರೂಢಿ. 2004ರಲ್ಲಿ ಪೋಲಿಷರಿಗೆ ಬ್ರಿಟನ್ನಿನ ಕೆಲಸದ ಬಾಗಿಲು ತೆರೆದ ನಂತರ ಈ ಎರಡು ರೂಢಿಗಳು ಒಂದೇ ದಡದಲ್ಲಿ ಎದುರುಬದುರಾದವು. ಹಿಡಿದ ಮೀನನ್ನು ಚೀಲಕ್ಕೆ ಹಾಕಿಕೊಂಡು ಹೋಗುವವನು ಇಂಗ್ಲಿಷರ ಕಣ್ಣಿಗೆ ಕಳ್ಳ. ಹಿಡಿದ ಮೀನನ್ನು ಬಿಟ್ಟುಬಿಡುವವನು ಪೋಲಿಷರ ಕಣ್ಣಿಗೆ ತಲೆಕೆಟ್ಟವನು. ಕೆರೆಗಳ ಬಳಿ ಪೋಲಿಷ್ ಭಾಷೆಯ ಎಚ್ಚರಿಕೆ ಫಲಕಗಳು ಬಂದವು, ಪೂರ್ವ ಯೂರೋಪಿನವರು ಹಂಸಗಳನ್ನೂ ಹಿಡಿದು ತಿನ್ನುತ್ತಾರೆಂಬ ಕಥೆಗಳು ಪತ್ರಿಕೆಗಳಲ್ಲಿ ಹಾರಾಡಿದವು. ಇದನ್ನು ಸಂಸ್ಕೃತಿಗಳ ಘರ್ಷಣೆ ಎಂದು ಕರೆದು ಸುಮ್ಮನಾಗುವುದು ಸುಲಭ. ಆದರೆ ಬ್ರಿಟನ್ನಿನಲ್ಲಿ ಪೋಲಿಷರು ಅಷ್ಟರಲ್ಲಾಗಲೇ ಅರವತ್ತು ವರ್ಷಗಳಿಂದ ಇದ್ದರು. ಎರಡನೇ ಮಹಾಯುದ್ಧದ ನಂತರ ಅಲ್ಲೇ ಉಳಿದ ಲಕ್ಷಕ್ಕೂ ಹೆಚ್ಚು ಜನರೂ ಕ್ರಿಸ್‌ಮಸ್ ಆಚರಿಸಿದ್ದರು. ಅವರ ತಟ್ಟೆಯ ಮೀನು ದೇಶದ ಚರ್ಚೆಯಾಗಲಿಲ್ಲ. ಹಾಗಾದರೆ ಈಗ ಕಣ್ಣಿಗೆ ಬಿದ್ದದ್ದು ನಿಜವಾಗಿ ಮೀನೇ?

ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತೇವೆ. ಸುತ್ತಿದರೆ ತಿಳಿವಳಿಕೆ ಬರುತ್ತದೆ, ಬೆರೆತರೆ ಪೂರ್ವಗ್ರಹ ಕರಗುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಈ ನಂಬಿಕೆಯನ್ನು ಪರೀಕ್ಷಿಸಲು ಪೋಲಿಷರು ಮತ್ತು ಬ್ರಿಟಿಷರಿಗಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಇಬ್ಬರೂ ಯೂರೋಪಿನವರು, ಇಬ್ಬರೂ ಬಿಳಿಯರು, ಇಬ್ಬರೂ ಕ್ರೈಸ್ತ ಪರಂಪರೆಯವರು. ಒಬ್ಬರನ್ನೊಬ್ಬರು ಆಳಿದ್ದಿಲ್ಲ, ಒಬ್ಬರ ಮೇಲೊಬ್ಬರು ದಂಡೆತ್ತಿ ಹೋದ ಚರಿತ್ರೆಯೂ ಇಲ್ಲ. ಬಣ್ಣ, ವಸಾಹತು, ಧರ್ಮಯುದ್ಧ ಎಂಬ ಸಿದ್ಧ ಉತ್ತರಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಉಳಿಯುವುದು ಭೇಟಿ ಮಾತ್ರ. ಆ ಭೇಟಿಯ ಚರಿತ್ರೆ ನನಗೆ ಹೇಳುವುದು ಇಷ್ಟು: ಪರದೇಶದವನು ನಮಗೆ ಹೇಗೆ ಕಾಣುತ್ತಾನೆ ಎಂಬುದು ಅವನು ಎಂಥವನು ಎಂಬುದಕ್ಕಿಂತ ಹೆಚ್ಚಾಗಿ ಅವನು ನಮ್ಮೆದುರು ಯಾವ ಪಾತ್ರದಲ್ಲಿ ನಿಂತಿದ್ದಾನೆ ಎಂಬುದನ್ನು ಅವಲಂಬಿಸಿದೆ. ಪ್ರಯಾಣ ಇಬ್ಬರನ್ನು ಹತ್ತಿರ ತರುತ್ತದೆ ನಿಜ, ಆದರೆ ಅವರಿಗೊಂದು ಪಾತ್ರ ಹಂಚಿಯೇ ತರುತ್ತದೆ.

ಇದಕ್ಕೆ ಪುರಾವೆ ಆರೇ ವರ್ಷಗಳ ಅಂತರದಲ್ಲಿ ಸಿಗುತ್ತದೆ. 1940ರ ಬೇಸಿಗೆಯಲ್ಲಿ ಜರ್ಮನ್ ವಿಮಾನಗಳು ಬ್ರಿಟನ್ನಿನ ಮೇಲೆ ಎರಗಿದಾಗ 145 ಪೋಲಿಷ್ ಪೈಲಟ್‌ಗಳು ಬ್ರಿಟಿಷ್ ವಾಯುಪಡೆಯ ಜೊತೆ ಹಾರಿದರು. ಲಂಡನ್ನಿನ ಪಕ್ಕದ ನಾರ್ಥೋಲ್ಟ್‌ನಿಂದ ಹೋರಾಡಿದ 303ನೇ ಪೋಲಿಷ್ ತುಕಡಿಯ ಹೆಸರು ಮನೆಮಾತಾಯಿತು. ಅದಕ್ಕೂ ಮೊದಲು, 1939ರ ಜುಲೈಯಲ್ಲಿ, ಜರ್ಮನಿಯ ಎನಿಗ್ಮಾ ಸಂಕೇತವನ್ನು ಭೇದಿಸಿದ ತಮ್ಮ ವಿದ್ಯೆಯನ್ನು ಪೋಲಿಷರು ವಾರ್ಸಾ ಬಳಿಯ ಕಾಡಿನಲ್ಲಿ ಬ್ರಿಟಿಷರಿಗೂ ಫ್ರೆಂಚರಿಗೂ ಧಾರೆಯೆರೆದಿದ್ದರು. ಗುಟ್ಟಿನ ವಿಷಯವಾದ್ದರಿಂದ ಅದು ಜನಕ್ಕೆ ತಿಳಿಯಲು ದಶಕಗಳೇ ಬೇಕಾದವು. ಯುದ್ಧ ಮುಗಿಯಿತು. 1946ರ ಜೂನ್ 8ರಂದು ಲಂಡನ್ನಿನಲ್ಲಿ ನಡೆದ ವಿಜಯೋತ್ಸವದ ಮೆರವಣಿಗೆಯಲ್ಲಿ ಇಟಲಿಯ ಮಾಂಟೆ ಕಸಿನೊ ಕದನದಲ್ಲಿ ರಕ್ತ ಹರಿಸಿದ ಪೋಲಿಷ್ ಸೇನೆ ಇರಲಿಲ್ಲ. ಬ್ರಿಟನ್ ಅಷ್ಟರಲ್ಲಿ ವಾರ್ಸಾದ ಹೊಸ ಕಮ್ಯುನಿಸ್ಟ್ ಸರ್ಕಾರವನ್ನು ಮಾನ್ಯ ಮಾಡಿತ್ತು. ಪೈಲಟ್‌ಗಳಿಗಷ್ಟೇ ಕೊಟ್ಟ ಕರೆಯನ್ನು ಅವರು ಒಪ್ಪಲಿಲ್ಲ. ಊರಿಗೆ ಮರಳಲಾರದ ಈ ಸೈನಿಕರನ್ನು ಗಣಿಗಳಲ್ಲಿ, ಹೊಲಗಳಲ್ಲಿ ಕೆಲಸಕ್ಕೆ ಹಚ್ಚುವ ಮಾತು ಬಂದಾಗ ಕಾರ್ಮಿಕ ಸಂಘಗಳಿಂದಲೇ ವಿರೋಧ ಎದ್ದಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಇಲ್ಲಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಇದು ಬರೀ ಕೃತಘ್ನತೆಯಾಗಿರಲಿಲ್ಲ. 1947ರಲ್ಲಿ ಅದೇ ಬ್ರಿಟನ್ ಪೋಲಿಷ್ ಪುನರ್ವಸತಿ ಕಾಯ್ದೆ ಮಾಡಿ ಅವರನ್ನು ಉಳಿಸಿಕೊಂಡಿತು ಕೂಡ. ಗಮನಿಸಬೇಕಾದದ್ದು, ಮನುಷ್ಯರು ಅವರೇ, ಭಾಷೆ ಅದೇ, ಮೀಸೆಯೂ ಅದೇ, ಬದಲಾದದ್ದು ಪಾತ್ರ. ಆಕಾಶದಲ್ಲಿದ್ದಾಗ ವೀರನಾಗಿ ಕಂಡವನು ಕಾರ್ಖಾನೆಯ ಬಾಗಿಲಲ್ಲಿ ಅನ್ನ ಕಸಿಯುವವನಂತೆ ಕಂಡ. (ಹೀಗೆ ಬ್ರಿಟನ್ ಸೇರಿದವರಲ್ಲಿ ನಮ್ಮ ಬೆಳಗಾವಿಯಿಂದ ಹೆಚ್ಚು ದೂರವಿಲ್ಲದ ಕೊಲ್ಹಾಪುರದ ವಳಿವಡೆಯಲ್ಲಿ 1943ರಿಂದ 1948ರವರೆಗೆ ನಡೆದ ನಿರಾಶ್ರಿತರ ಶಿಬಿರದಿಂದ ಹೋದವರೂ ಇದ್ದರು. ಸೋವಿಯತ್ ಗಡೀಪಾರಿನಿಂದ ಪಾರಾಗಿ ಇರಾನಿನ ದಾರಿಯಾಗಿ ಬಂದ ಸುಮಾರು 5,000 ಜನ, ಹೆಚ್ಚಾಗಿ ಹೆಂಗಸರು ಮಕ್ಕಳು, ಅಲ್ಲಿ ಶಾಲೆ, ಚರ್ಚುಗಳೊಡನೆ ಒಂದು ಪುಟ್ಟ ಪೋಲೆಂಡನ್ನೇ ಕಟ್ಟಿಕೊಂಡಿದ್ದರು.)

2004ರ ಮೇ 1ರಂದು ಪೋಲೆಂಡ್ ಯೂರೋಪಿಯನ್ ಒಕ್ಕೂಟ ಸೇರಿತು. ಹಳೆಯ ಸದಸ್ಯ ದೇಶಗಳಲ್ಲಿ ಬ್ರಿಟನ್, ಐರ್ಲೆಂಡ್ ಮತ್ತು ಸ್ವೀಡನ್ ಮಾತ್ರ ಮೊದಲ ದಿನವೇ ಕೆಲಸದ ಬಾಗಿಲು ತೆರೆದವು; ಜರ್ಮನಿ 2011ರವರೆಗೂ ಮುಚ್ಚಿಯೇ ಇಟ್ಟಿತ್ತು. ಹೊಸ ಸದಸ್ಯ ದೇಶಗಳಿಂದ ವರ್ಷಕ್ಕೆ ನಿವ್ವಳ 5,000ದಿಂದ 13,000 ಜನ ಬರಬಹುದೆಂದು ಬ್ರಿಟಿಷ್ ಸರ್ಕಾರಕ್ಕಾಗಿ ತಯಾರಾದ ಅಧ್ಯಯನ ಅಂದಾಜಿಸಿತ್ತು, ಉಳಿದ ದೇಶಗಳೂ ಬಾಗಿಲು ತೆರೆಯುತ್ತವೆ ಎಂಬ ಎಣಿಕೆಯ ಮೇಲೆ. ಆ ಎಣಿಕೆ ತಲೆಕೆಳಗಾಯಿತು. ಪೋಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೆಲೆಸಿದವರು 2001ರ ಜನಗಣತಿಯಲ್ಲಿ ಸುಮಾರು 58,000. 2011ರಲ್ಲಿ ಸುಮಾರು 5,79,000. 2004ರ ಅದೇ ಮೇ ತಿಂಗಳಲ್ಲಿ ವಿಜ್ ಏರ್ ಕಂಪನಿಯ ಮೊದಲ ವಿಮಾನ ಕಾಟೊವಿಟ್ಸೆಯಿಂದ ಲಂಡನ್ನಿನ ಲೂಟನ್‌ಗೆ ಹಾರಿತ್ತು. ಬಂದವರಲ್ಲಿ ಪದವೀಧರರು ಕಡಿಮೆಯೇನಿರಲಿಲ್ಲ, ಆದರೆ ಸಿಕ್ಕ ಕೆಲಸ ಹೋಟೆಲಿನ ಪಾತ್ರೆ ತೊಳೆಯುವುದು, ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವುದು, ಗಾರೆ ಕೆಲಸ, ಕೊಳಾಯಿ ಕೆಲಸ. ಇಲ್ಲಿಂದ ಹುಟ್ಟಿದ್ದೇ ದುಡಿಮೆಗಾರ ಪೋಲಿಷನ ಚಿತ್ರ. ಇದು ಹೊಗಳಿಕೆ, ಇದರಲ್ಲೇನು ಪೂರ್ವಗ್ರಹ ಎಂದು ಕೇಳಬಹುದು. ನನಗೆ ತೆಗಳಿಕೆಗಿಂತ ಈ ಹೊಗಳಿಕೆಯೇ ಹೆಚ್ಚು ಮಾತಾಡುವಂತೆ ಕಾಣುತ್ತದೆ. ಹೇಳಿದ ಹೊತ್ತಿಗೆ ಬರುತ್ತಾನೆ, ಕಡಿಮೆ ಕೂಲಿಗೆ ಒಪ್ಪುತ್ತಾನೆ, ಎದುರು ಮಾತಾಡುವುದಿಲ್ಲ ಎಂಬ ಪ್ರಶಂಸೆ ಎತ್ತು ಕೊಳ್ಳುವವನು ಸುಳಿ ನೋಡಿ ಹೇಳುವ ಮಾತಿನ ಜಾತಿಗೇ ಸೇರಿದ್ದು. ಇದೇ ಹೊಗಳಿಕೆಯನ್ನು ಕೋಲು ಮಾಡಿಕೊಂಡು ಬ್ರಿಟನ್ನಿನ ಬಡ ನಿರುದ್ಯೋಗಿಗಳಿಗೆ ಬಾರಿಸಿದವರೂ ಇದ್ದರು: ಅವರಿಗೆ ಸಿಗುವ ಕೆಲಸ ನಿಮಗೇಕೆ ಸಿಗುವುದಿಲ್ಲ? ಹಾಗೆ ಏಟು ತಿಂದವನು ಕೋಲು ಹಿಡಿದ ಕೈಯನ್ನು ಬಿಟ್ಟು ಕೋಲನ್ನೇ ದ್ವೇಷಿಸಿದರೆ ಆಶ್ಚರ್ಯವಿಲ್ಲ. ಉಪಯೋಗದ ಅಳತೆಗೋಲಿನಿಂದ ಮೆಚ್ಚಿದವರನ್ನು ಅದೇ ಅಳತೆಗೋಲಿನಿಂದ ತಿರಸ್ಕರಿಸುವುದು ಸುಲಭ. ಉಪಯೋಗ ಮುಗಿದರೆ ಸಾಕು.

ಇನ್ನು ಪೋಲಿಷರು ಬ್ರಿಟಿಷರನ್ನು ಕಂಡ ಬಗೆ. ಬಿಸಿನೀರಿಗೊಂದು, ತಣ್ಣೀರಿಗೊಂದು ಎಂದು ಬೇರೆ ಬೇರೆ ನಲ್ಲಿಗಳಿರುವ ಬೇಸಿನ್ನು ಪೋಲಿಷ್ ವಲಸಿಗರ ಹರಟೆಯಲ್ಲಿ ಪುರಾಣಪ್ರಸಿದ್ಧ. ಒಂದರಲ್ಲಿ ಕೈ ಸುಡುತ್ತದೆ, ಇನ್ನೊಂದರಲ್ಲಿ ಮರಗಟ್ಟುತ್ತದೆ. ಜಗತ್ತನ್ನು ಆಳಿದವರಿಗೆ ಎರಡನ್ನು ಬೆರೆಸಲು ಬರಲಿಲ್ಲವೇ? ಗಾಳಿ ನುಗ್ಗುವ ಕಿಟಕಿ, ಚೆನ್ನಾಗಿದ್ದೀರಾ ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋಗುವ ಸೌಜನ್ಯ, ಸಿಟ್ಟನ್ನೂ ಸಾರಿ ಎಂಬ ಮಾತಿನಲ್ಲೇ ಸುತ್ತಿ ಕೊಡುವ ಮೇಲಧಿಕಾರಿ ಎಲ್ಲವೂ ಆ ಪಟ್ಟಿಯಲ್ಲಿವೆ. ಇವು ಸಣ್ಣ ವಿಷಯಗಳೇ, ಆದರೆ ಒಳಗಿನಿಂದ ಕಂಡವು. ಬಾಡಿಗೆ ಮನೆಯಲ್ಲಿ ಇದ್ದವನಿಗೆ, ಅಡುಗೆಮನೆಯಲ್ಲಿ ದುಡಿದವನಿಗೆ ಮಾತ್ರ ದಕ್ಕುವ ತಿಳಿವಳಿಕೆ. ಕೆಳಗಿರುವವನು ಮೇಲಿರುವವನ ಮುಖಚರ್ಯೆ ಓದಲೇಬೇಕು, ಅವನ ಭಾಷೆ ಕಲಿಯಲೇಬೇಕು. ಮೇಲಿರುವವನಿಗೆ ಆ ದರ್ದಿಲ್ಲ. ಲಕ್ಷಾಂತರ ಪೋಲಿಷರಿಗೆ ಇಂಗ್ಲಿಷ್ ಬರುತ್ತದೆ. ಪೋಲಿಷ್ ಕಲಿತ ಬ್ರಿಟಿಷರು ವಿರಳ. ಪೋಲೆಂಡಿನ ಚರಿತ್ರೆ ಬರೆದು ಆ ದೇಶದಲ್ಲಿ ಮನೆಮಾತಾದ ನಾರ್ಮನ್ ಡೇವಿಸ್‌ರಂಥವರು ಅಪವಾದ ಎನ್ನುವುದೇ ಅಪವಾದದ ಅಳತೆ ಹೇಳುತ್ತದೆ. ಪೋಲಿಷರನ್ನು ಕರೆತಂದ ಅದೇ ವಿಮಾನಗಳು ಮರುದಿಕ್ಕಿನಲ್ಲಿ ಒಯ್ದದ್ದು ಯಾರನ್ನು? ಕ್ರಾಕೊವ್‌ಗೆ ವಾರಾಂತ್ಯದಲ್ಲಿ ಇಳಿಯುವ ಬ್ರಿಟಿಷರಲ್ಲಿ ಆಶ್‌ವಿಟ್ಜ್‌ಗೆ ಹೋಗಿ ಮೌನವಾಗಿ ನಿಲ್ಲುವವರೂ ಇದ್ದಾರೆ, ವೆಲಿಚ್ಕಾದ ಉಪ್ಪಿನ ಗಣಿ ನೋಡುವವರೂ ಇದ್ದಾರೆ. ಆದರೆ ಊರಿನ ಬಾಯಲ್ಲಿ ಉಳಿದವರು ಮದುವೆಗೆ ಮುಂಚೆ ಗೆಳೆಯರ ದಂಡು ಕಟ್ಟಿಕೊಂಡು ಅಗ್ಗದ ಬಿಯರ್ ಕುಡಿಯಲು ಬಂದ ಮದುಮಗನ ಗುಂಪುಗಳು. ಕೆಲವು ಪಬ್ಬುಗಳು ಇಂಥ ಗುಂಪುಗಳಿಗೆ ಪ್ರವೇಶವಿಲ್ಲವೆಂದು ಬೋರ್ಡು ಹಾಕಿದವು. 2023ರ ಜುಲೈಯಿಂದ ನಗರಾಡಳಿತ ಮಧ್ಯರಾತ್ರಿಯ ನಂತರ ಅಂಗಡಿಗಳಲ್ಲಿ ಮದ್ಯ ಮಾರಾಟವನ್ನೇ ನಿಲ್ಲಿಸಿತು, ಅದಕ್ಕೆ ಇವರಷ್ಟೇ ಕಾರಣರಲ್ಲದಿದ್ದರೂ. ಎರಡು ರಾತ್ರಿಗೆ ಬಂದ ಇಂಥವನಿಗೆ ಪೋಲಿಷರೆಂದರೆ ಬಿಯರ್ ತಂದಿಡುವವರು. ಪೋಲಿಷರಿಗೆ ಇವನೇ ಬ್ರಿಟನ್.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. 2016ರ ಜನಮತಗಣನೆಯಲ್ಲಿ ಅತಿ ಹೆಚ್ಚು ವಲಸಿಗರಿದ್ದ ಲಂಡನ್ ಸುಮಾರು ಶೇಕಡಾ 60 ಮತಗಳಿಂದ ಯೂರೋಪಿಯನ್ ಒಕ್ಕೂಟದಲ್ಲೇ ಉಳಿಯೋಣವೆಂದಿತಲ್ಲ, ಬೆರೆತರೆ ಪೂರ್ವಗ್ರಹ ಕರಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಆದರೆ ಲಿಂಕನ್‌ಶೈರಿನ ಬಾಸ್ಟನ್ ಎಂಬ ಸಣ್ಣ ಪಟ್ಟಣದಲ್ಲೂ ಜನ ದಿನನಿತ್ಯ ಪೋಲಿಷರನ್ನು, ಲಿಥುವೇನಿಯದವರನ್ನು ನೋಡುತ್ತಿದ್ದರು; ಅಲ್ಲಿ ಶೇಕಡಾ 75.6 ಮತ ಹೊರಹೋಗುವುದರ ಪರ ಬಿತ್ತು. ಬೆಳಗಾಗುವ ಮುಂಚೆ ಕೂಲಿ ಮೇಸ್ತ್ರಿಯ ವ್ಯಾನಿನಲ್ಲಿ ಎಲೆಕೋಸಿನ ಹೊಲಕ್ಕೆ ಹೋಗಿ, ತರಕಾರಿ ತುಂಬುವ ಶೆಡ್ಡಿನಲ್ಲಿ ಪಾಳಿ ಮುಗಿಸಿ, ಒಂದೇ ಕೋಣೆಯಲ್ಲಿ ಹಲವರು ಮಲಗುವ ಬದುಕಿನಲ್ಲಿ ಊರಿನವರ ಜೊತೆ ಮಾತಿಗೆ ಎಡೆಯೆಲ್ಲಿ? ಊರಿನವರಿಗೆ ಕಂಡದ್ದು ಏರಿದ ಬಾಡಿಗೆ, ಆಸ್ಪತ್ರೆಯ ಸಾಲು. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದ ಷರತ್ತುಗಳನ್ನು ನಾವು ಮರೆಯುತ್ತೇವೆ: ಬೆರೆಯುವವರು ಸಮಾನ ನೆಲೆಯಲ್ಲಿರಬೇಕು, ಇಬ್ಬರಿಗೂ ಒಂದೇ ಗುರಿ ಇರಬೇಕು, ಸಹಕಾರವಿರಬೇಕು, ವ್ಯವಸ್ಥೆಯ ಬೆಂಬಲವಿರಬೇಕು. ಹಾಗೆಂದು ಎಲ್ಲವೂ ಕೂಲಿಯ ಲೆಕ್ಕವೇ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಹಾಗಿದ್ದರೆ ಶಾಲೆಯ ಗೇಟಿನಲ್ಲಿ ಏನೂ ಆಗುತ್ತಿರಲಿಲ್ಲ. 2010ರ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೆತ್ತ ವಿದೇಶಿ ಮೂಲದ ತಾಯಂದಿರಲ್ಲಿ ಪೋಲೆಂಡಿನವರೇ ಮೊದಲ ಸ್ಥಾನಕ್ಕೆ ಬಂದಿದ್ದರು. ಮಗುವಿನ ಜ್ವರ, ಮೇಷ್ಟರ ದೂರು, ಹುಟ್ಟುಹಬ್ಬದ ಕರೆ ಇವುಗಳ ಮುಂದೆ ಇಬ್ಬರು ತಾಯಂದಿರ ಕೂಲಿ ಎಷ್ಟೇ ಬೇರೆಯಿರಲಿ, ಪಾತ್ರ ಒಂದೇ.

ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿ. ಪೋಲಿಷರ ಮನಸ್ಸಿನ ಬ್ರಿಟನ್ನಿನ ಚಿತ್ರ ವಲಸೆಯಲ್ಲಿ ಹುಟ್ಟಿದ್ದಲ್ಲ, ಚರಿತ್ರೆಯಲ್ಲಿ ಹುಟ್ಟಿದ್ದು. 1939ರಲ್ಲಿ ಯುದ್ಧ ಸಾರಿಯೂ ನೆರವಿಗೆ ಬರದ, 1945ರ ಯಾಲ್ಟಾ ಸಮ್ಮೇಳನದಲ್ಲಿ ತಮ್ಮನ್ನು ಸ್ಟಾಲಿನ್ನನ ಕೈಗೆ ಬಿಟ್ಟ ಮಿತ್ರನ ನೆನಪು ಅವರಿಗೆ ಅಜ್ಜ ಅಜ್ಜಿಯರಿಂದ ಬಂದದ್ದು. ನೆನಪು ಇದೆ, ನಿಜ. ಆದರೆ ಅದು ಯಾವಾಗ ಎದ್ದು ಕೂರುತ್ತದೆ ಎಂಬುದನ್ನು ನೋಡಬೇಕು. 2009ರ ಯೂರೋಪಿಯನ್ ಚುನಾವಣೆಯಲ್ಲಿ ವಲಸೆ ವಿರೋಧಿ ಬ್ರಿಟಿಷ್ ನ್ಯಾಷನಲ್ ಪಾರ್ಟಿ ತನ್ನ ಪ್ರಚಾರಕ್ಕೆ ಸ್ಪಿಟ್‌ಫೈರ್ ವಿಮಾನದ ಚಿತ್ರ ಬಳಸಿತು. ಆ ವಿಮಾನ 303ನೇ ಪೋಲಿಷ್ ತುಕಡಿಯದು ಎಂದು ಆಮೇಲೆ ಗೊತ್ತಾಗಿ ನಗೆಪಾಟಲಾಯಿತು. 2016ರ ಜೂನ್‌ನಲ್ಲಿ ಮತ ಎಣಿಕೆಯ ಬೆನ್ನಿಗೇ ಹ್ಯಾಮರ್‌ಸ್ಮಿತ್‌ನ ಪೋಲಿಷ್ ಸಾಂಸ್ಕೃತಿಕ ಕೇಂದ್ರದ ಬಾಗಿಲಿನ ಮೇಲೆ ಯಾರೋ ಅಸಹ್ಯ ಬರೆದಾಗ ಮತ್ತೆ ಮತ್ತೆ ಬಂದ ಮಾತು ಪೈಲಟ್‌ಗಳದ್ದು. ಅಕ್ಕಪಕ್ಕದ ಇಂಗ್ಲಿಷರು ಹೂಗುಚ್ಛ, ಪತ್ರಗಳನ್ನು ತಂದಿಟ್ಟರು ಎಂಬುದನ್ನೂ ಹೇಳಬೇಕು. ಕೂಲಿಯವರೆಂದು ಕಂಡವರು ನಾವು ಜೊತೆಗಾರರಾಗಿದ್ದೆವು ಎಂದು ನೆನಪಿಸಿದರು. ಚರಿತ್ರೆ ಇಲ್ಲಿ ನೋಟವನ್ನು ಹುಟ್ಟಿಸಲಿಲ್ಲ; ಕೊಟ್ಟ ಪಾತ್ರ ಒಲ್ಲದವರು ಹಳೆಯ ಪಾತ್ರವನ್ನು ಮರಳಿ ಕೇಳಲು ಅದನ್ನು ಹೊರತೆಗೆದರು.

ವ್ಯತ್ಯಾಸಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಪೋಲಿಷ್ ಮನೆತನದಲ್ಲಿ ಹುಟ್ಟಿ 1886ರಲ್ಲಿ ಬ್ರಿಟಿಷ್ ಪ್ರಜೆಯಾದ ಜೋಸೆಫ್ ಕಾನ್ರಾಡ್ ‘ಏಮಿ ಫಾಸ್ಟರ್’ ಎಂಬ ಕಥೆಯಲ್ಲಿ ಕೆಂಟ್ ತೀರದಲ್ಲಿ ಹಡಗು ಒಡೆದು ದಡ ಸೇರಿದ ಪೂರ್ವ ಯೂರೋಪಿನ ಬೆಟ್ಟದವನೊಬ್ಬನನ್ನು ಚಿತ್ರಿಸಿದ. ಊರು ಅವನನ್ನು ಹುಚ್ಚನೆಂದು ಓಡಿಸುತ್ತದೆ, ಒಬ್ಬಳು ರೊಟ್ಟಿ ಕೊಡುತ್ತಾಳೆ, ಮದುವೆಯೂ ಆಗುತ್ತಾಳೆ. ಕೊನೆಗೆ ಜ್ವರದಲ್ಲಿ ಅವನು ತನ್ನ ಭಾಷೆಯಲ್ಲಿ ನೀರು ಕೇಳಿದಾಗ ಹೆದರಿ ಓಡುತ್ತಾಳೆ. ಪಾತ್ರ ಬದಲಾದರೂ ಭಯ ಹೋಗದ ಕಥೆ ಇದು, ನನ್ನ ವಾದಕ್ಕೆ ತೊಡಕಾಗಿಯೇ ನಿಲ್ಲುತ್ತದೆ. ಆದರೆ ಇದೇ ಭಯವನ್ನು ದಿಕ್ಕು ಬದಲಿಸಿ ಹುಡುಕಿದರೂ ಸಿಗುತ್ತದೆ. 16 ಮತ್ತು 17ನೇ ಶತಮಾನಗಳಲ್ಲಿ ಬಡ ಸ್ಕಾಟ್ಲೆಂಡಿನಿಂದ ಸಾವಿರಾರು ಜನ ಬೆನ್ನ ಮೇಲೆ ಗಂಟು ಹೊತ್ತು ಪೋಲೆಂಡಿಗೆ ಹೋಗಿ ಹಳ್ಳಿಹಳ್ಳಿ ತಿರುಗಿ ಮಾರಿದರು. ಊರಿನ ವರ್ತಕರು ಅವರ ಮೇಲೆ ದೂರು ಕೊಟ್ಟರು, ಅವರಿಗೆಂದೇ ತೆರಿಗೆ ಬಂತು. ಅವರಲ್ಲಿ ಕೆಲವರು ಸಿರಿವಂತರಾದರು. ಅಲೆಕ್ಸಾಂಡರ್ ಚಾಮರ್ಸ್ ಎಂಬ ಸ್ಕಾಟ್ ವಾರ್ಸಾದ ಮೇಯರೇ ಆದ. ಗ್ದಾನ್ಸ್ಕ್ ನಗರದ ಒಂದು ಬಡಾವಣೆ ಇಂದಿಗೂ ಸ್ಕಾಟರ ಹೆಸರು ಹೊತ್ತಿದೆ.

ಈಗ ಪಾತ್ರಗಳು ಮತ್ತೆ ಅದಲುಬದಲಾಗುತ್ತಿವೆ. ಬ್ರಿಟನ್ನಿನಿಂದ ಮರಳುವ ಪೋಲಿಷರು ಹೊಸದಾಗಿ ಹೋಗುವವರನ್ನು ಮೀರಿಸಿದ್ದಾರೆ; ಲಂಡನ್ನಿನ ಬ್ಯಾಂಕುಗಳು ಕ್ರಾಕೊವ್‌ನಲ್ಲಿ ದೊಡ್ಡ ಕಚೇರಿಗಳನ್ನು ನಡೆಸುತ್ತಿವೆ. 2022ರಲ್ಲಿ ಯುಕ್ರೇನಿನಿಂದ ಓಡಿ ಬಂದವರಿಗೆ ಪೋಲೆಂಡಿನ ಮನೆಗಳು ಬಾಗಿಲು ತೆರೆದ ಪರಿ ಮರೆಯುವಂಥದಲ್ಲ. ಆದರೆ 2014ರ ಜನವರಿಯಲ್ಲಿ ಬ್ರಿಟಿಷ್ ಪ್ರಧಾನಿ ಡೇವಿಡ್ ಕ್ಯಾಮರೂನ್ ಪೋಲೆಂಡಿನಲ್ಲಿರುವ ವಲಸಿಗರ ಮಕ್ಕಳಿಗೆ ಬ್ರಿಟನ್ ಯಾಕೆ ಮಕ್ಕಳ ಭತ್ಯೆ ಕೊಡಬೇಕೆಂದು ತಗಾದೆ ತೆಗೆದಾಗ ವಾರ್ಸಾ ಕೆರಳಿತ್ತು: ನಮ್ಮವರು ಅಲ್ಲಿ ತೆರಿಗೆ ಕಟ್ಟುತ್ತಿಲ್ಲವೇ? 2025ರ ಆಗಸ್ಟ್‌ನಲ್ಲಿ ಪೋಲೆಂಡಿನ ಅಧ್ಯಕ್ಷ ಕರೋಲ್ ನವ್ರೊಟ್ಸ್ಕಿ ಯುಕ್ರೇನಿಯರ ನೆರವನ್ನು ಮುಂದುವರಿಸುವ ಮಸೂದೆಗೆ ಸಹಿ ಹಾಕಲು ನಿರಾಕರಿಸಿದರು. ಮಕ್ಕಳ ಭತ್ಯೆ ಪೋಲೆಂಡಿನಲ್ಲಿ ದುಡಿಯುವ ಯುಕ್ರೇನಿಯರಿಗೆ ಮಾತ್ರ ಸಿಗಬೇಕು ಎಂಬುದು ಅವರು ಕೊಟ್ಟ ಕಾರಣ.