ಕಾಣದ ನೆರೆಯವನಿಗೆ ಒಂದು ಪತ್ರ

ಎಂದೂ ಕಂಡಿರದ, ಬಹುಶಃ ಮುಂದೆಯೂ ಕಾಣಲಾರದ ವ್ಯಕ್ತಿಗೆ ನಾವು ನೆರೆಯವರಾಗಬಲ್ಲೆವೇ? ದೇಶದೇಶಗಳ ಶಾಲಾ ಮಕ್ಕಳ ನಡುವಣ ಪತ್ರಮೈತ್ರಿಯನ್ನು ಶಿಕ್ಷಣದ ಒಂದು ಪ್ರಯೋಗವೆಂದಷ್ಟೇ ನೋಡುವುದು ವಾಡಿಕೆ. ಆದರೆ ಅದರೊಳಗೆ ಈ ನೈತಿಕ ಪ್ರಶ್ನೆ ಅಡಗಿದೆ.

ಮೊದಲನೆಯ ಮಹಾಯುದ್ಧದಲ್ಲಿ, 1917ರಲ್ಲಿ, ತೀವ್ರವಾಗಿ ಗಾಯಗೊಂಡು ಬದುಕುಳಿದ ಫ್ರೆಂಚ್ ಯೋಧ ಸೆಲೆಸ್ತ್ಯಾಂ ಫ್ರೆನೆ, 1920ರಲ್ಲಿ ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ ಎಂಬ ಗುಡ್ಡದೂರಿನಲ್ಲಿ ಶಿಕ್ಷಕರಾದರು. ಅವರ ತರಗತಿಯ ಮಕ್ಕಳು ತಾವು ಕಂಡದ್ದನ್ನು ತಾವೇ ಬರೆದು, ಪುಟ್ಟ ಮುದ್ರಣಯಂತ್ರದಲ್ಲಿ ಅಚ್ಚುಮೊಳೆ ಜೋಡಿಸಿ ಮುದ್ರಿಸುತ್ತಿದ್ದರು. ಆ ಹಾಳೆಗಳು ದೇಶದ ಇನ್ನೊಂದು ತುದಿಯಲ್ಲಿದ್ದ, ಬ್ರಿಟನಿ ಕಡಲತೀರದ ತ್ರೆಗಂಕ್ ಊರಿನ ಮಕ್ಕಳಿಗೆ ತಲುಪುತ್ತಿದ್ದವು. ಅಲ್ಲಿಂದ ಕಡಲಿನ ಕಥೆಗಳು ಬರುತ್ತಿದ್ದವು. ನಿತ್ಯ ನೋಡುವ ಗುಡ್ಡ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕಾಣದ ಗೆಳೆಯನಿಗೆ ವಿವರಿಸಬೇಕಾದಾಗ ಮಗು ಮೊದಲ ಬಾರಿಗೆ ತಲೆಯೆತ್ತಿ ನೋಡುತ್ತದೆ. ಅನ್ಯನ ಪ್ರಶ್ನೆ ನಮ್ಮ ಕಣ್ಣನ್ನು ತೆರೆಸುತ್ತದೆ.

ಶೀತಲ ಸಮರ ಇನ್ನೂ ಮುಗಿದಿರದ 1988ರಲ್ಲಿ ಮಾಸ್ಕೋದ 12 ಹಾಗೂ ನ್ಯೂಯಾರ್ಕ್ ರಾಜ್ಯದ 12 ಶಾಲೆಗಳು ಗಣಕಯಂತ್ರಗಳ ಮೂಲಕ ಪತ್ರವ್ಯವಹಾರ ಆರಂಭಿಸಿದವು. ಮುಂದೆ ಅದೇ ‘ಐಅರ್ನ್’ ಎಂಬ ಜಾಲವಾಗಿ ನೂರಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ಮಕ್ಕಳ ಪತ್ರಗಳೇ ಸಮರವನ್ನು ನಿಲ್ಲಿಸಿದವು ಎನ್ನಲಾಗದು. ಆದರೆ ಹೆಸರು ಬಲ್ಲ ಗೆಳತಿಯೊಬ್ಬಳು ಬದುಕುವ ನೆಲವನ್ನು ‘ಶತ್ರುದೇಶ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವುದು ಕಷ್ಟ.

ಹಾಗೆಂದು ಗಡಿ ದಾಟುವ ಪತ್ರಗಳೆಲ್ಲವೂ ಮೈತ್ರಿಯ ಪತ್ರಗಳಲ್ಲ. ನಮ್ಮ ಅನೇಕ ವಿದ್ಯಾರ್ಥಿನಿಲಯಗಳಲ್ಲಿ ಮಕ್ಕಳು ಹೊರದೇಶದ ದಾನಿಗಳಿಗೆ ವಂದನಾಪತ್ರ ಬರೆಯುವ ರೂಢಿ ಇದ್ದುದುಂಟು. ಕೃತಜ್ಞತೆ ಸದ್ಗುಣವೇ, ಸಂದೇಹವಿಲ್ಲ. ಆದರೆ ಆ ಪತ್ರದಲ್ಲಿ ಮಗು ಕೇಳಬಹುದಾದ ಪ್ರಶ್ನೆಗಳಿಗೆ ಸ್ಥಳವಿದೆಯೇ? ನಿಮ್ಮ ಮನೆಯಲ್ಲಿ ಅಜ್ಜಿ ಯಾರೊಡನೆ ಇರುತ್ತಾರೆ, ನಿಮಗೆ ಯಾವುದರ ಭಯ ಎಂದು ಅದು ಕೇಳಬಹುದೇ? ಕೊಡುವವನೊಬ್ಬ, ವಂದಿಸುವವನೊಬ್ಬ ಎಂಬಲ್ಲಿ ಕರುಣೆ ಇರಬಹುದು, ಸಮಾನತೆ ಇರಲಾರದು. ಪತ್ರಮೈತ್ರಿಯಲ್ಲಾದರೋ ಇಬ್ಬರಿಗೂ ಪ್ರಶ್ನಿಸುವ ಹಕ್ಕಿದೆ, ಇಬ್ಬರಿಗೂ ಉತ್ತರಿಸುವ ಹೊಣೆಯಿದೆ.

ಸಂತ ಪೌಲರು ರೋಮನರಿಗೆ ಪತ್ರ ಬರೆದಾಗ ಆ ಸಭೆಯನ್ನು ಇನ್ನೂ ಸಂದರ್ಶಿಸಿರಲಿಲ್ಲ. ಆದರೂ ತಾವು ಕೊಡುವುದನ್ನಷ್ಟೇ ಹೇಳಿ ಸುಮ್ಮನಾಗದೆ, ಅವರ ವಿಶ್ವಾಸದಿಂದ ತಾವೂ ಉತ್ತೇಜನ ಪಡೆಯುವ ಹಂಬಲವನ್ನು ತೋಡಿಕೊಂಡರು. ಪ್ರೇಷಿತರಾದವರಿಗೇ ಈ ವಿನಯವಿದ್ದ ಮೇಲೆ ನಮಗೆ ಬೇಡವೇ? ತನ್ನ ನೆರೆಯವನಾರೆಂದು ಕೇಳಿದ ಧರ್ಮಶಾಸ್ತ್ರಿಗೆ ಪ್ರಭು ಯೇಸು ಸಮಾರಿಯದವನ ಸಾಮತಿಯನ್ನು ಹೇಳಿ, ಯಾರು ನೆರೆಯವನಾದನೆಂದು ಮರುಪ್ರಶ್ನೆ ಹಾಕಿದರು. ನೆರೆತನವೆಂಬುದು ದೂರದ ಅಳತೆಯಲ್ಲ. ಅದು ನಾವು ಆಗಬೇಕಾದದ್ದು.

ಇಲ್ಲೊಂದು ಎಚ್ಚರವೂ ಅಗತ್ಯ. ದೂರದವನನ್ನು ಪ್ರೀತಿಸುವುದು ಸುಲಭ; ಅವನು ನಮ್ಮ ಬೆಂಚಿನಲ್ಲಿ ಜಾಗ ಕೇಳುವುದಿಲ್ಲ. ಕಡಲಾಚೆಯ ಗೆಳೆಯನ ಊಟ, ಹಬ್ಬ, ಭಾಷೆಗಳನ್ನು ಕುತೂಹಲದಿಂದ ವಿಚಾರಿಸುವ ವಿದ್ಯಾರ್ಥಿ, ಪಕ್ಕದಲ್ಲೇ ಕುಳಿತ ಸಹಪಾಠಿಯ ಮನೆಯಲ್ಲಿ ನಿನ್ನೆ ಒಲೆ ಹೊತ್ತಿತ್ತೇ ಎಂಬುದನ್ನು ಅರಿಯದಿದ್ದರೆ ಆ ಕಲಿಕೆ ಅಪೂರ್ಣ. ಆದುದರಿಂದ ಶಿಕ್ಷಕಬಂಧುಗಳೇ, ಮಕ್ಕಳು ದೂರಕ್ಕೆ ಪತ್ರ ಬರೆಯಲಿ. ಉತ್ತರಕ್ಕಾಗಿ ಕಾಯುವ ತಾಳ್ಮೆಯನ್ನೂ ಪ್ರಶ್ನೆ ಕೇಳಿಸಿಕೊಳ್ಳುವ ವಿನಯವನ್ನೂ ಅಲ್ಲಿ ಕಲಿಯಲಿ. ಕಲಿತದ್ದನ್ನು ಮೊದಲು ಪಕ್ಕದ ಬೆಂಚಿನಲ್ಲಿ ಆಚರಿಸಲಿ.