ಉಪಕರಣವೋ, ಪರಿಗ್ರಹವೋ?

ಪರಿಗ್ರಹವೆಂದರೆ ಕೇವಲ ವಸ್ತುಸಂಗ್ರಹವಲ್ಲ. ವಸ್ತುವಿನ ಮೇಲಣ ಮಮತ್ವ, ಅಂದರೆ ಮೂರ್ಛೆ, ಪರಿಗ್ರಹದ ತಿರುಳೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಸರ್ವಸಂಗ ಪರಿತ್ಯಾಗಿಗಳಾದ ದಿಗಂಬರ ಮುನಿಗಳಿಗೂ ಮೂರು ವಸ್ತುಗಳು ವಿಹಿತವಾಗಿವೆ. ಜೀವರಕ್ಷಣೆಗೆ ಪಿಂಛಿ, ಅದು ಸಂಯಮೋಪಕರಣ; ಶುದ್ಧಿಗೆ ಕಮಂಡಲು, ಅದು ಶೌಚೋಪಕರಣ; ಸ್ವಾಧ್ಯಾಯಕ್ಕೆ ಶಾಸ್ತ್ರ, ಅದು ಜ್ಞಾನೋಪಕರಣ. ಇವು ಧರ್ಮಸಾಧನೆಗೆ ನೆರವಾಗುವುದರಿಂದ ಉಪಕರಣಗಳೆನಿಸಿದವು. ಇವುಗಳ ಮೇಲೂ ಮೋಹ ಹುಟ್ಟಿದರೆ ಆ ಕ್ಷಣದಿಂದ ಅವೂ ಪರಿಗ್ರಹವೇ. ಗೃಹಸ್ಥರಾದ ನಾವು ಅಷ್ಟು ಎತ್ತರಕ್ಕೆ ಏರಲಾರೆವು. ಆದರೆ ಒಂದು ವಸ್ತು ಮನೆಯ ಹೊಸ್ತಿಲು ದಾಟುವ ಮುನ್ನ, ಇದು ಉಪಕರಣವೋ ಪರಿಗ್ರಹವೋ ಎಂದು ಕೇಳಿಕೊಳ್ಳುವುದು ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದ ಶ್ರಾವಕ ಶ್ರಾವಿಕೆಯರ ಕರ್ತವ್ಯವಾಗಿದೆ.

ಇಂದು ಅನೇಕ ಮನೆಗಳಲ್ಲಿ ಈ ಪ್ರಶ್ನೆಗೆ ಎಡೆಗೊಟ್ಟಿರುವ ವಸ್ತು, ಅಂಗೈಯಲ್ಲಿ ಹಿಡಿಯಬಹುದಾದ ಸಣ್ಣ ಟ್ಯಾಬ್ಲೆಟ್ ಗಣಕ. ಎಂಟು ಇಂಚಿನ ಆಸುಪಾಸಿನ ಪರದೆ, ಮುನ್ನೂರು ಮುನ್ನೂರೈವತ್ತು ಗ್ರಾಂ ತೂಕ. ಒಂದು ಸಾಧಾರಣ ಪೂಜಾಪುಸ್ತಕದ ಗಾತ್ರ. ಸಮ್ಮೇದ ಶಿಖರಜಿಗೆ ಹೊರಟ ವೃದ್ಧ ದಂಪತಿಗಳನ್ನು ಊಹಿಸಿಕೊಳ್ಳೋಣ. ರೈಲಿನ ದೀರ್ಘ ಪ್ರಯಾಣ, ಬಳಿಕ ಸುಮಾರು 27 ಕಿಲೋಮೀಟರುಗಳ ಪರ್ವತವಂದನೆ. ಸ್ತೋತ್ರಸಂಗ್ರಹ, ಸ್ವಾಧ್ಯಾಯದ ಗ್ರಂಥಗಳು, ರೈಲಿನ ಟಿಕೆಟ್ಟು, ವೈದ್ಯರ ಚೀಟಿ, ದೂರದೂರಿನ ಮೊಮ್ಮಕ್ಕಳ ಮುಖದರ್ಶನ, ಇಷ್ಟೂ ಆ ಒಂದು ಹಲಗೆಯಲ್ಲಿ ಅಡಗುತ್ತವೆ. ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು ಓದಬಹುದೆಂಬುದು ಮಂಜಾದ ಕಣ್ಣುಗಳಿಗೆ ಸಣ್ಣ ಉಪಕಾರವಲ್ಲ.

ಆದರೂ ಮೊದಲ ಪ್ರಶ್ನೆ ಅಗತ್ಯದ್ದು. ಮೊಬೈಲ್ ಫೋನ್ ಈಗಾಗಲೇ ಕೈಯಲ್ಲಿದೆ. ಓದುವ ಅಭ್ಯಾಸವಿಲ್ಲದವರಿಗೆ ಟ್ಯಾಬ್ಲೆಟ್ ದೊಡ್ಡ ಪರದೆಯ ಮತ್ತೊಂದು ಫೋನಷ್ಟೇ. ಅಂಥವರು ಕೊಳ್ಳದಿರುವುದೇ ವ್ರತ. ನಿತ್ಯ ಒಂದು ಗಂಟೆಯಾದರೂ ಓದುವವರಿಗೆ, ಕಲಿಯುವ ಮಕ್ಕಳಿಗೆ, ಪ್ರವಾಸದಲ್ಲಿ ಲೆಕ್ಕಪತ್ರ ನೋಡಬೇಕಾದ ವರ್ತಕರಿಗೆ ಅದು ನಿಜವಾದ ಸಾಧನ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹ, ಲೋಭಗಳ ಜೊತೆಗೆ ವಿಸ್ಮಯವನ್ನೂ ಎಣಿಸಿದ್ದಾರೆ. ಪರರ ವೈಭವವನ್ನು ಕಂಡು ಬೆರಗಾಗುವುದೂ ವ್ರತಕ್ಕೆ ದೋಷವೇ. ನೆರೆಮನೆಯ ಹೊಸ ಮಾದರಿಯನ್ನು ಕಂಡು ನಮ್ಮದು ಹಳತಾಯಿತೆನಿಸುವ ಭಾವಕ್ಕೆ ಇದಕ್ಕಿಂತ ತಕ್ಕ ಹೆಸರುಂಟೇ?

ಅಗತ್ಯ ನಿಶ್ಚಯವಾದ ಮೇಲೆ ಆಯ್ಕೆಯ ಪ್ರಶ್ನೆ ಬರುತ್ತದೆ. ಅತಿ ಕಡಿಮೆ ಬೆಲೆಯದನ್ನು ಕೊಳ್ಳುವುದೇ ಅಪರಿಗ್ರಹವೆಂದು ಬಹುಮಂದಿ ಭಾವಿಸುತ್ತಾರೆ. ಈ ಭಾವನೆಯನ್ನು ಪರೀಕ್ಷಿಸಬೇಕು. ಒಮ್ಮೆ ಅನುಭವಿಸಿ ಬಿಡುವಂಥದು ಭೋಗ, ಆಹಾರದಂತೆ; ಮತ್ತೆ ಮತ್ತೆ ಬಳಸುವಂಥದು ಉಪಭೋಗ, ವಸ್ತ್ರದಂತೆ ಎಂದು ಸಮಂತಭದ್ರರೇ ವಿಂಗಡಿಸಿದ್ದಾರೆ. ಟ್ಯಾಬ್ಲೆಟ್ ಸ್ವಭಾವತಃ ಉಪಭೋಗದ ವಸ್ತು. ಆದರೆ ಎರಡು ವರ್ಷಕ್ಕೆ ಕೆಟ್ಟು ಮೂಲೆ ಸೇರುವ ಅಗ್ಗದ ಸಾಧನವನ್ನು ಕೊಂಡು ಎಸೆದು ಮತ್ತೆ ಕೊಳ್ಳುವಾಗ, ನಾವು ಉಪಭೋಗವನ್ನು ಭೋಗವಾಗಿ ಇಳಿಸುತ್ತೇವೆ. ಲೌಕಿಕ ಲೆಕ್ಕವೂ ಇದನ್ನೇ ಹೇಳುತ್ತದೆ. 7,000 ರೂಪಾಯಿಯ ವಸ್ತು ಎರಡು ವರ್ಷ ಬಾಳಿದರೆ ವರ್ಷಕ್ಕೆ 3,500 ರೂಪಾಯಿ. 15,000 ರೂಪಾಯಿಯದು ಆರು ವರ್ಷ ಬಾಳಿದರೆ ವರ್ಷಕ್ಕೆ 2,500 ರೂಪಾಯಿ.

ನಮ್ಮ ದೇಶದಲ್ಲಿಯೇ ಇದಕ್ಕೊಂದು ನಿದರ್ಶನವಿದೆ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ವಿದ್ಯಾರ್ಥಿಗಳಿಗಾಗಿ 'ಆಕಾಶ್' ಎಂಬ 7 ಇಂಚಿನ ಟ್ಯಾಬ್ಲೆಟ್ಟನ್ನು ಬಿಡುಗಡೆ ಮಾಡಿತು. ಬಡವರ ಮಕ್ಕಳ ಕೈಗೂ ಜ್ಞಾನ ಎಟುಕಬೇಕೆಂಬ ಉದ್ದೇಶ ಉದಾತ್ತವಾದುದು. ಆದರೆ ಬೆಲೆಯನ್ನು ಇಳಿಸುವ ಭರದಲ್ಲಿ ಸಾಧನದ ಶಕ್ತಿಯೂ ಇಳಿಯಿತು. ಒತ್ತಿದರೆ ಮಾತ್ರ ಸ್ಪಂದಿಸುವ ಪರದೆ, ಮಂದವಾದ ವೇಗ, ಬೇಗ ಬರಿದಾಗುವ ಬ್ಯಾಟರಿ ಎಂಬ ಆಕ್ಷೇಪಗಳು ಕೇಳಿಬಂದವು. ಕೆಲಸಕ್ಕೆ ಬಾರದ ಅಗ್ಗವು ಮಿತವ್ಯಯವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಹಣಕ್ಕಿಂತ ಮಿಗಿಲಾದ ಲೆಕ್ಕವೊಂದಿದೆ, ಅದು ಹಿಂಸೆಯ ಲೆಕ್ಕ. ಇಂಥ ಸಾಧನಗಳ ಬ್ಯಾಟರಿಗಳಲ್ಲಿ ಬಳಕೆಯಾಗುವ ಕೋಬಾಲ್ಟ್ ಲೋಹದ ಬಹುಪಾಲು ಆಫ್ರಿಕಾದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿ ಎಳೆಯ ಮಕ್ಕಳೂ ಅದಿರು ಹೊರುತ್ತಿದ್ದುದನ್ನು ಆಮ್ನೆಸ್ಟಿ ಸಂಸ್ಥೆ 2016ರಲ್ಲಿ ದಾಖಲಿಸಿತು. ಇನ್ನು ವಸ್ತುವಿನ ಅಂತ್ಯವನ್ನು ನೋಡಿದರೆ, 2022ರಲ್ಲಿ ಜಗತ್ತಿನಲ್ಲಿ ಉಂಟಾದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್ನು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದುದಾಗಿ ದಾಖಲಾದದ್ದು ಶೇಕಡಾ 22.3 ಮಾತ್ರವೆಂದು ವಿಶ್ವಸಂಸ್ಥೆಯ ವರದಿ ತಿಳಿಸುತ್ತದೆ. ಗಣಿಯನ್ನು ನಾವು ಅಗೆಯಲಿಲ್ಲ, ತ್ಯಾಜ್ಯವನ್ನು ನಾವು ಸುಡಲಿಲ್ಲವೆಂದು ಜೈನನು ಕೈತೊಳೆದುಕೊಳ್ಳುವಂತಿಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಿಂದಲೂ ಕರ್ಮಾಸ್ರವವಾಗುತ್ತದೆ. ಗೃಹಸ್ಥನಿಗೆ ಇದು ಪೂರ್ಣವಾಗಿ ತಪ್ಪದಿದ್ದರೂ, ಮೂರು ಸಾಧನಗಳ ಕೆಲಸವನ್ನು ಒಂದರಿಂದ ನಡೆಸಿದವನು ಎರಡು ಸಾಧನಗಳ ಹಿಂಸೆಯನ್ನು ತಡೆದಂತಾಗುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಅಗ್ಗವೂ ಅಲ್ಲದ, ಆಡಂಬರವೂ ಇಲ್ಲದ, ಬಾಳಿಕೆ ಬರುವ ಮಧ್ಯಮ ದರ್ಜೆಯದನ್ನು. ಓದಿಗೆ, ಪತ್ರವ್ಯವಹಾರಕ್ಕೆ, ಮುಖಾಮುಖಿ ಸಂಭಾಷಣೆಗೆ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹಶಕ್ತಿ ಸಾಮಾನ್ಯವಾಗಿ ಸಾಕು. ಮೆಮೊರಿ ಕಾರ್ಡ್ ಹಾಕುವ ಅನುಕೂಲವಿದ್ದರೆ ಮುಂದೆ ಹೊಸದನ್ನು ಕೊಳ್ಳುವ ಪ್ರಮೇಯ ತಪ್ಪುತ್ತದೆ. ಫೋನಿನ ಅಂತರ್ಜಾಲವನ್ನೇ ಹಂಚಿಕೊಳ್ಳಬಹುದಾದ್ದರಿಂದ ಬೇರೆ ಸಿಮ್ ಹಾಕುವ ಮಾದರಿ ಎಲ್ಲರಿಗೂ ಬೇಕಿಲ್ಲ. ತಂತ್ರಾಂಶದ ಸುರಕ್ಷತಾ ನವೀಕರಣಗಳು ಎಷ್ಟು ವರ್ಷ ದೊರೆಯುತ್ತವೆ, ಬ್ಯಾಟರಿಯನ್ನು ಬದಲಿಸಿಕೊಡುವ ಸೇವಾಕೇಂದ್ರ ಹತ್ತಿರದಲ್ಲಿದೆಯೇ, ಈ ಎರಡು ಪ್ರಶ್ನೆಗಳನ್ನು ಅಂಗಡಿಯಲ್ಲಿ ತಪ್ಪದೆ ಕೇಳಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮವು, 800 ಬಾರಿ ಚಾರ್ಜ್ ಆದ ಮೇಲೂ ಬ್ಯಾಟರಿಯು ಮೊದಲಿನ ಸಾಮರ್ಥ್ಯದ ಶೇಕಡಾ 80ನ್ನಾದರೂ ಉಳಿಸಿಕೊಂಡಿರಬೇಕೆಂದೂ, ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ನವೀಕರಣ ಒದಗಿಸಬೇಕೆಂದೂ ವಿಧಿಸುತ್ತದೆ. ಆಚಾರ್ಯರು ಸ್ವಯಂಪ್ರೇರಣೆಯಿಂದ ಪಾಲಿಸಿರೆಂದ ಮಿತಿಯನ್ನು ಇಂದು ರಾಜಶಾಸನವೇ ಹೇರಬೇಕಾಗಿ ಬಂದಿದೆ.

ಕೊಂಡ ಮೇಲೆ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಅನರ್ಥದಂಡದ ಐದು ಪ್ರಕಾರಗಳಲ್ಲಿ ದುಃಶ್ರುತಿ, ಪ್ರಮಾದಚರ್ಯೆ ಎಂಬೆರಡು ಈ ಪರದೆಗಾಗಿಯೇ ಹೇಳಿದಂತಿವೆ. ಮನಸ್ಸನ್ನು ಕಲುಷಿತಗೊಳಿಸುವುದನ್ನು ಕೇಳುವುದು ದುಃಶ್ರುತಿ. ಪ್ರಯೋಜನವಿಲ್ಲದ ಚಟುವಟಿಕೆ ಪ್ರಮಾದಚರ್ಯೆ. ಸ್ವಾಧ್ಯಾಯಕ್ಕೆಂದು ತೆರೆದ ಹಲಗೆಯೇ ಐದು ನಿಮಿಷದಲ್ಲಿ ಬೇರೆಲ್ಲಿಗೋ ಒಯ್ಯುತ್ತದೆ. ಕಾಗದದ ಪುಸ್ತಕಕ್ಕೆ ಆ ಚಪಲತೆಯಿಲ್ಲ. ಆದುದರಿಂದ ದೇಶಾವಕಾಶಿಕ ವ್ರತದಂತೆ ಇದಕ್ಕೂ ಕಾಲದ ಎಲ್ಲೆಯನ್ನು ಗೊತ್ತುಮಾಡಬೇಕು. ಸಾಮಾಯಿಕದ ವೇಳೆ, ಊಟದ ವೇಳೆ ಅದನ್ನು ಮುಟ್ಟಬಾರದು. ಅಷ್ಟಮಿ ಚತುರ್ದಶಿಗಳಂದು ಅದಕ್ಕೂ ಉಪವಾಸವಿರಲಿ. ಹಿರಿಯರು ಪಾಲಿಸದ ನಿಯಮವನ್ನು ಮಕ್ಕಳಿಗೆ ವಿಧಿಸಿದರೆ ಫಲವಿಲ್ಲ.

ಬಸದಿಗಳ ಟ್ರಸ್ಟುಗಳಿಗೂ ಇಲ್ಲಿ ಹೊಣೆಯಿದೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಓಲೆಗರಿಯ ಕಾಲದಲ್ಲಿ ಒಂದು ಪ್ರತಿಯ ಹಿಂದೆ ಲಿಪಿಕಾರನ ಎಷ್ಟು ದಿನಗಳ ಶ್ರಮವಿತ್ತೆಂಬುದನ್ನು ನೆನೆದರೆ ಆ ಶಾಸ್ತ್ರದಾನದ ಹಿರಿಮೆ ತಿಳಿಯುತ್ತದೆ. ಪಾಠಶಾಲೆಗೆ ನಾಲ್ಕು ಒಳ್ಳೆಯ ಟ್ಯಾಬ್ಲೆಟ್ಟುಗಳನ್ನು ಕೊಟ್ಟು, ಅವುಗಳಲ್ಲಿ ಆಯ್ದ ಗ್ರಂಥಗಳನ್ನು ತುಂಬಿಸಿ, ಗ್ರಂಥಾಲಯದ ಪುಸ್ತಕದಂತೆ ಯಾತ್ರಿಕರಿಗೂ ವಿದ್ಯಾರ್ಥಿಗಳಿಗೂ ಸರದಿಯಲ್ಲಿ ಒದಗಿಸುವುದು ಇಂದಿನ ಶಾಸ್ತ್ರದಾನವಾಗಬಲ್ಲದು. ನಲವತ್ತು ಮನೆಗಳಲ್ಲಿ ನಲವತ್ತು ಸಾಧನಗಳಿರುವುದಕ್ಕಿಂತ ನಾಲ್ಕು ಸಾಧನಗಳು ನಲವತ್ತು ಮನೆಗಳಿಗೆ ಸಲ್ಲುವುದು ಮೇಲು. ಕೆಟ್ಟು ಬಿದ್ದವನ್ನು ಗುಜರಿಗೆ ಹಾಕದೆ ಅಧಿಕೃತ ಮರುಬಳಕೆದಾರರಿಗೆ ತಲುಪಿಸುವ ಕಾರ್ಯವನ್ನೂ ಟ್ರಸ್ಟುಗಳು ವಹಿಸಿಕೊಳ್ಳಬಹುದು.

ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ ಗ್ರಂಥಗಳ ಓಲೆಗಳು ಶತಮಾನಗಳನ್ನು ದಾಟಿ ಉಳಿದುಬಂದವು. ತಾಳೆಗರಿ ನಶ್ವರ, ಆದರೆ ಅದನ್ನು ಜೋಪಾನ ಮಾಡಿದವರ ಶ್ರದ್ಧೆ ಅದಕ್ಕೆ ಆಯುಷ್ಯ ಕೊಟ್ಟಿತು. ನಮ್ಮ ಕೈಯ ಗಾಜಿನ ಹಲಗೆ ಅಷ್ಟು ಕಾಲ ಬಾಳಲಾರದು. ಬಾಳುವಷ್ಟು ದಿನವಾದರೂ ಅದನ್ನು ಜೋಪಾನ ಮಾಡಿ, ಮಿತವಾಗಿ ಬಳಸಿ, ಹಂಚಿಕೊಂಡರೆ ಅದು ಉಪಕರಣ. ಇಲ್ಲವಾದರೆ ಎಷ್ಟೇ ಅಗ್ಗಕ್ಕೆ ಕೊಂಡಿದ್ದರೂ ಅದು ಪರಿಗ್ರಹ. ನಿರ್ಣಯವು ಅಂಗಡಿಯಲ್ಲಿಲ್ಲ, ನಮ್ಮ ಪರಿಣಾಮಗಳಲ್ಲಿದೆ.